ಮಡಿಕಿ ಬಿಚ್ಚೂ ತಿಂಗಳು

ಮೇ ಮುಗಿಯಾಕ ಬಂತಂದ್ರ ನನ್ನ ಮಷೀನಿಗೆ
ಎಣ್ಣಿ ಜಾಸ್ತಿ ಬೇಕು.
ಗುಳೇದಗುಡ್ಡ, ಚೌಬಜಾರದ ಹಿಂದಿನ ಓಣಿ,
ಎರಡೂ ಕಡೆ ಕರೆಂಟಿನ ಮಗ್ಗ,
ನಡುವ ನನ್ನ ಕಾಲಮಷೀನಿನ ಟಕಟಕ.
ಮದವಿ ಸುಗ್ಗಿ ಮುಗದಿರತೈತಿ, ಜಂಪರಿನ ಗದ್ದಲ ಇಲ್ಲ.
ಈಗ ಬರೂವು ಸಾಲಿ ಅರಿವಿ,
ಕೈಚೀಲದಾಗ, ಹಳೇ ಸೀರಿ ಗಂಟಿನ್ಯಾಗ,
ಒಬ್ಬಾಕಿ ತಂದದ್ದು ರವಾದ ಪಾಕೀಟಿನ್ಯಾಗ.

"ತಾರಕ್ಕ, ನಾಕ ಬೆರಳ ಇಳಸು."
"ತಾರಕ್ಕ, ಸೊಂಟದ ಹುಕ್ಕ ಸರಸು."
"ಸರಕಾರದ್ದು ಬಂದಾಗ ಬರಲಿ,
ಅಲ್ಲೀತನಾ ಹುಡುಗ ಬರಿಮೈಲೆ ಹೋಗಾಕ ಬರತೈತೇನು?"
ಈರಸಂಗಪ್ಪನ ಅವ್ವ ಅಂತಾಳ,
"ಎರಡ ವರ್ಷ ಬರೂ ಹಂಗ ಹೊಲಿ."
ಅಣ್ಣನ ಚೊಣ್ಣದಾಗ ನಿಂತ ಹುಡುಗ ಕೇಳತಾನ,
"ಅಲ್ಲೀತನಾ ನಾ ಇದರಾಗ ಎಲ್ಲಿರ್ಲಿ?"

ಬ್ಲೇಡ ಹಿಡದು ಮಡಿಕಿ ಬಿಚ್ಚತೀನಿ.
ಒಳಗ ಏನೇನ ಇರತಾವ ಅಂತೀರಿ,
ಸೀಮಿಸುಣ್ಣದ ಪುಡಿ,
ಬಿಸಿಊಟದ್ದೊಂದು ಅಗಳು, ಒಣಗಿ ಹಳ್ಳಾಗಿದ್ದು,
ಮತ್ತ ಅರಿವಿದ ಮೊದಲಿನ ಬಣ್ಣ.
ಹೊರಗ ಬಿಸಲಿಗೆ ಬೂದಿಯಾದ ನೀಲಿ,
ಮಡಿಕಿ ಒಳಗ ಮಾತ್ರ ಅಂಗಡಿಯಾಗ ಇದ್ದಂಗ ಐತಿ.
ಎಷ್ಟ ಇಸ್ತ್ರಿ ತಿಕ್ಕಿದ್ರೂ ಗೆರಿ ಹೋಗೂದಿಲ್ಲ,
ಮಲಪ್ರಭಾ ಇಳದ ಮ್ಯಾಲ
ದಂಡಿ ಊರಿನ ಗ್ವಾಡಿಗೆ ಉಳಿತೈತೆಲ್ಲ, ಹಂಗ.
"ಗೆರಿ ಕಾಣತೈತಿ ತಾರಕ್ಕ" ಅಂತ ಹುಡುಗ್ಯಾರು ಮಾರಿ ಸಣ್ಣ ಮಾಡತಾರ.
ಕಾಣಲಿ ಬಿಡವಾ.
ಹೋದ ವರ್ಷ ಅಲ್ಲೀತನಾ ಇದ್ದಿ.

ಗುರುವಾರ ನೀಲಗಂಗಾ ಬಂದ್ಲು,
ಕೂದಲಾಗ ರೇಷ್ಮಿ ಎಳಿ ಸಿಕ್ಕೊಂಡು.
ದೊಡ್ಡಾಕಿ ಲಂಗ ಸಣ್ಣಾಕಿಗೆ ಮಾಡಬೇಕಂತ.
"ಉಳದದ್ದು ಕತ್ತರಿಸಿ ಕೊಡು, ಒಲಿ ಒರಸಾಕ ಆಕ್ಕೈತಿ."
"ಮತ್ತ ದೊಡ್ಡಾಕಿಗೆ?"
"ಏಳನೇತ್ತ ಮುಗೀತಲ್ಲ.
ಹೈಸ್ಕೂಲಿಗೆ ಚೂಡಿದಾರಂತ, ವೇಲಂತ, ಬೂಟಂತ...
ಕಂಡಿಕಿ ಸುತ್ತಾಕೂ ಒಬ್ಬರ ಬೇಕಲ್ಲ."
ನಾ ಏನೂ ಅನ್ನಲಿಲ್ಲ. ಬಾಯಾಗ ಗುಂಡಪಿನ್ನ ಇದ್ವು.
ತಗದ ಮ್ಯಾಲ ಅಂದೆ, "ಅಳತಿಗೆ ದೊಡ್ಡಾಕಿನ ಕಳಸು."
"ಲಂಗ ಸಣ್ಣಾಕಿಗಲ್ಲ?"
"ಕಳಸಂದ್ರ ಕಳಸು."

ಶಾಕಾಂಬರಿ ಬಂದು ಬಾಗಲದಾಗ ನಿಂತ್ಲು.
ಕೈ ಅಗಲ ಮಾಡಂದೆ. ಮಾಡಿದ್ಲು.
ಬೆರಳ ಸಂದಿಗೆ ಕೆಂಪ ನೂಲಿನ ಬಣ್ಣ.
ನಾ ಟೇಪು ಓದಿದೆ, ಆಕೀನ ಬರಕೊಂಡ್ಲು:
ಭುಜ ಹದಿಮೂರು. ಎದಿ ಇಪ್ಪತ್ತೆಂಟು. ಉದ್ದ ಮೂವತ್ತಾರು.
ಅಕ್ಷರ ನೋಡಿದೆ. ನನ್ನವು ಕೋಳಿ ಕೆದರಿದಂಗ ಇರತಾವ.
"ಮ್ಯಾಲ ಹೆಸರ ಬರಿ, ಮುಂದ ಯತ್ತೆ ಬರಿ."
ಪೆನ್ಸಿಲ್ ನಿಂತಿತು.
ನಾ ಸೂಜಿಗೆ ದಾರ ಹಾಕಾಕ್ಹತ್ತಿದ್ದೆ, ತಲಿ ಎತ್ತಲಿಲ್ಲ.
"ಎಂಟು" ಅಂದೆ.

ಟ್ರಂಕಿನ್ಯಾಗ ಒಂದು ಚೂಡಿದಾರ ಐತಿ, ಮೂರು ವರ್ಷದ್ದು.
ಹೈಸ್ಕೂಲಿಂದು, ಹೊಲದು, ಗುಂಡಿ ಹಚ್ಚಿ ಇಟ್ಟಿದ್ದೆ.
ಒಯ್ಯಾಕ ಯಾರೂ ಬರಲಿಲ್ಲ.
ಆ ಹುಡುಗಿ ಮದವಿ ಜಂಪರನೂ ನಾನ ಹೊಲದೆ,
ಅದೇ ಅಳತಿಗೆ, ಅದೇ ಟೇಪು ಹಿಡದು,
ಬಾಯಾಗ ಗುಂಡಪಿನ್ನ ಇಟಗೊಂಡು.

ಸಂಜಿಕೆ ನೀಲಗಂಗಾ ಸಿಟ್ಟಿಲೆ ಬಂದ್ಲು.
"ರೊಕ್ಕ ಯಾರ ಕೊಡತಾರ?"
"ಒಂದ ಖಣ ಕೊಡು. ಸೂಜಿಮಲ್ಲಿಗಿ ಬುಟ್ಟಾದ್ದು."
"ಕಂಡಿಕಿ ಯಾರ ಸುತ್ತತಾರ?"
"ಸಾಲಿ ಬಿಟ್ಟ ಮ್ಯಾಲ ಆಕಿ. ಅಮಾಸಿಗೊಮ್ಮಿ ನಾನು.
ಒಂದಾನೊಂದು ಕಾಲಕ್ಕ ಸುತ್ತೀನಿ, ಮರತಿಲ್ಲ."
ಹೂಂ ಅನ್ನಲಿಲ್ಲ, ಒಲ್ಲೆ ಅನ್ನಲಿಲ್ಲ,
ಚಪ್ಪಲಿ ಹುಡಕಿ ಹಾಕ್ಕೊಂಡು ಹ್ವಾದ್ಲು.

ಸಣ್ಣಾಕಿ ಲಂಗಕ್ಕ ಕತ್ತರಿ ಹಾಕಿಲ್ಲ.
ಅರಿವಿ ಎಲ್ಲಾ ಒಳಗ ಮಡಚೀನಿ, ಒಂದ ಗೇಣ.
ಭಾರ ಆಕ್ಕೈತಿ, ನಡಿವಾಗ ಮೊಣಕಾಲಿಗೆ ಬಡಿತೈತಿ.
ಬಡೀಲಿ.

ನಾಳೆ ಸಾಲಿ.
ಚೂಡಿದಾರದ ಒಂದ ತೋಳ ಇನ್ನೂ ಉಳದಿತ್ತು,
ಕರೆಂಟ ಹೋತು.
ಓಣಿ ಮಗ್ಗೆಲ್ಲ ಒಮ್ಮಿಗೇ ಗಪ್ಪ.
ಮೊಬೈಲಿನ ಬ್ಯಾಟರಿ ಹಚ್ಚಿ ಗ್ವಾಡಿಗೆ ಒರಗಿಸಿ
ಕಾಲ ಇಟ್ಟೆ.