ಕಣ್ಣಳತೆ

ಲೌಷಾದಲ್ಲಿ ಮನೆಗಳಿಗೆಲ್ಲ ಕಪ್ಪು ಸ್ಲೇಟಿನ ಅಂಗಿ.
ಅಂಥದೊಂದರ ತಳದ ಕೋಣೆಯಲ್ಲಿ
ಫೋಲ್ಮಾರ್ ಮೇಷ್ಟ್ರು ಕಣ್ಣು ಊದುತ್ತಾರೆ.
ಬಿಳಿ ಗಾಜಿನ ಕೊಳವೆ, ನೀಲಿ ಉರಿ, ಒಂದು ಉಸಿರು.
ಉಬ್ಬಿ ಬಂದ ಗುಳ್ಳೆಗೆ ಬಣ್ಣದ ಕಡ್ಡಿ ತಾಗಿಸಿ
ತಿರುಗಿಸಿ ತಿರುಗಿಸಿ
ಪಾಪೆ ಕೂರಿಸುತ್ತಾರೆ.

ನಾನು ಅವರಲ್ಲಿ ಕಲಿಯಲು ಬಂದವಳು.
ಕಲಿಯಲಾಗಲಿಲ್ಲ. ನನಗೆ ಉಬ್ಬಸ.
ಮೂರು ವರ್ಷ ಊದಿದ್ದೆಲ್ಲ ಕೋಳಿಮೊಟ್ಟೆ,
ಒಂದಾದರೂ ತಿರುಗಿ ನನ್ನ ನೋಡಲಿಲ್ಲ.

ಆಮೇಲೆ ಯಂತ್ರ ಬಂತು.
ಎವೆಯಿಕ್ಕುವಷ್ಟರಲ್ಲಿ ಉಳಿದ ಕಣ್ಣಿನ ಪಟ ತೆಗೆದು,
ಇದುವರೆಗೆ ಕಂಡ ಲಕ್ಷ ಕಣ್ಣುಗಳಿಂದ
ಕಾಣದ ಮೂಲೆಯನ್ನು ತಾನೇ ಊಹಿಸಿ,
ಪದರದ ಮೇಲೆ ಪದರ ಅಚ್ಚು ಹಾಕುತ್ತದೆ.
ಉಸಿರು ಬೇಡ. ಗುಂಡಿ ಒತ್ತಿದರಾಯಿತು.
ನನ್ನ ಮೊದಲ ಕಣ್ಣು ತಟ್ಟೆಗೆ ಬಿದ್ದ ದಿನ
ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ, ಖುಷಿಗೆ.
ಇದನ್ನು ಮೇಷ್ಟ್ರಿಗೆ ಹೇಳಿಲ್ಲ.

ಅವರದು ಕಣ್ಣಳತೆ.
ಎದುರು ಕೂತವರೊಡನೆ ಹಿಮ, ರೈಲು, ಸಾಸೇಜಿನ ಬೆಲೆ ಅಂತ ಮಾತಾಡುತ್ತ
ನಕ್ಕರೆ ಎಷ್ಟು ಮುಚ್ಚುತ್ತದೆ,
ಸುಳ್ಳಾಡಿದರೆ ಎತ್ತ ಓಡುತ್ತದೆ, ನೋಡಿಕೊಳ್ಳುತ್ತಾರೆ.
“ಕಣ್ಣಿಗೆ ಜೋಡಿ ಮಾಡುವುದಲ್ಲ, ಮುಖಕ್ಕೆ ಮಾಡಬೇಕು.”
ನಿಜವೋ ಏನೋ.
ಅವರದೂ ಎಷ್ಟೋ ಸಲ ಮೆಳ್ಳೆಗಣ್ಣಾದದ್ದುಂಟು.
ಸದ್ದಿಲ್ಲದೆ ಒಡೆದು ಮತ್ತೆ ಊದುತ್ತಾರೆ;
ಚೂರು ಗುಡಿಸುವವಳು ನಾನು, ನನಗೆ ಲೆಕ್ಕ ಗೊತ್ತು.

ಒಂದು ಕಟ್ಟಳೆ ಮಾತ್ರ ತಪ್ಪಿದ್ದಿಲ್ಲ:
ಅತ್ತು ಬಂದವರಿಗೆ ಅಂದು ಕಣ್ಣು ಮಾಡುವುದಿಲ್ಲ.
ಚಹಾ ಕೊಟ್ಟು “ನಾಳೆ ಬಾ” ಅನ್ನುತ್ತಾರೆ,
“ಕೆಂಪು ಇಳಿಯಲಿ.”

ಫೆಬ್ರವರಿಯಲ್ಲಿ ಮರೈಕೆ ಬಂದಳು, ಸೊನ್ನೆಬೆರ್ಗಿನ ಬೆಳಗಿನ ರೈಲಿಗೆ.
ಏಳು ತುಂಬಿದ ವರ್ಷ, ಹೊಸವರ್ಷದ ರಾತ್ರಿ,
ಪಟಾಕಿಯೊಂದು ಎಡಗಣ್ಣು ಕೊಂಡೊಯ್ದಿತ್ತು.
ಅಲ್ಲಿಂದೀಚೆಗೆ ಮೇಷ್ಟ್ರು ಊದಿದ್ದು ಹನ್ನೊಂದು,
ಅವಳ ಅಂಗಿಗಳಂತೆ ಅವೂ ದೊಡ್ಡವಾಗುತ್ತ.
ಅಂದು ಮೇಷ್ಟ್ರು ಹಲ್ಲು ಕೀಳಿಸಲು ಹೋಗಿದ್ದರು.
ನಾನು ಪಟ ತೆಗೆದೆ. ಅಚ್ಚಿಗೆ ಹಾಕಿದೆ.
ಮಧ್ಯಾಹ್ನಕ್ಕೆ ಕಣ್ಣು ಸಿದ್ಧ:
ಬೂದು ಬಣ್ಣದಲ್ಲಿ ಹಸಿರಿನ ಹುಡಿ, ಕೂದಲೆಳೆಯ ವ್ಯತ್ಯಾಸವಿಲ್ಲ.
ಮತ್ತೆ, ಬಿಳಿಯ ಅಂಚಿನಲ್ಲಿ
ಕವಲು ಕವಲಾಗಿ ಕೆಂಪು ನರ, ಒಂದೂ ಬಿಡದೆ.

ಆಗ ಕಂಡಿತು ನನಗೆ
ಬೆಳಗಿನಿಂದ ಎದುರಿಗೇ ಇದ್ದ ಮುಖ.

ಹಿಂದಿನ ದಿನ ಅಣ್ಣನನ್ನು ಮಣ್ಣು ಮಾಡಿದ್ದರಂತೆ. ಟೀಲೋ ಅಂತ ಹೆಸರು.
ಆ ರಾತ್ರಿ ಪಟಾಕಿಗೆ ಕಡ್ಡಿ ಗೀರಿದವನು ಅವನೇ.

“ಅಳಿಸಿ ಬೇರೆ ಮಾಡಿಕೊಡುತ್ತೇನೆ,” ಅಂದೆ,
“ಕಷ್ಟವೇನಿಲ್ಲ, ಒಂದು ಗುಂಡಿ.”
ಕನ್ನಡಿ ಹಿಡಿದು ಬಹಳ ಹೊತ್ತು ಕೂತಳು.
“ಈ ಕಡೆಯದು ಇದುವರೆಗೆ ಕೆಂಪಾಗಿದ್ದೇ ಇಲ್ಲ.
ಇರಲಿ ಬಿಡಿ.”

ಸಂಜೆ ಮೇಷ್ಟ್ರು ಬಂದರು, ಕೆನ್ನೆ ಊದಿಸಿಕೊಂಡು.
ವಾರದವರೆಗೆ ಬೇರೇನೂ ಊದುವಂತಿಲ್ಲ.
ಎಲ್ಲ ಹೇಳಿದೆ. ಬೈಯಲಿಲ್ಲ.
ಆ ಪಟವನ್ನು ಪರದೆ ತುಂಬ ಹಿಗ್ಗಿಸಲು ಹೇಳಿ,
ಕನ್ನಡಕ ಹಣೆಗೇರಿಸಿ,
ನರಗಳನ್ನು ಬೆರಳಿಟ್ಟು ಎಣಿಸಿದರು, ನಾನು ಕಲಿಯುವಾಗ
ನನ್ನವನ್ನು ಎಣಿಸುತ್ತಿದ್ದ ಹಾಗೇ.
“ಯಂತ್ರದ್ದೇನೂ ತಪ್ಪಿಲ್ಲ. ಕಣ್ತಪ್ಪು ನಿನ್ನದು.”
ಬಾಯೊಳಗಿನ ಹತ್ತಿ ಸರಿಸಿಕೊಂಡು ಇನ್ನೊಂದು ಮಾತು:
“ನಾನಿದ್ದರೆ ನಾಳೆ ಬಾ ಅನ್ನುತ್ತಿದ್ದೆ.
ಬರುತ್ತಿದ್ದಳು. ಬಿಳಿಯದನ್ನೇ ಒಯ್ಯುತ್ತಿದ್ದಳು.”
ಆಮೇಲೆ ಎದ್ದು, ಉರಿಯಿಲ್ಲದ ಬರ್ನರನ್ನು
ಸುಮ್ಮನೆ ಒರೆಸುತ್ತ ನಿಂತರು.

ಗಾಜಿನದು ಎರಡು ವರ್ಷಕ್ಕೆ ಸವೆಯುತ್ತದೆ,
ಅಚ್ಚಿನದು ಐದಾರು ಬಾಳುತ್ತದೆ.
ಅಷ್ಟು ಕಾಲ ಮರೈಕೆಯ ಎಡಗಣ್ಣಿಗೆ
ಅದೇ ಮಂಗಳವಾರ.

ಈಗ ಬಂದವರಿಗೆಲ್ಲ ಮೊದಲು ಚಹಾ ಕೊಡುತ್ತೇನೆ.
ಹಿಮದ ಮಾತು, ರೈಲಿನ ಮಾತು.
ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೇಳುತ್ತೇನೆ:
ರಾತ್ರಿ ನಿದ್ದೆ ಬಂತೇ?