ಬಾಯಲ್ಲಿರುವ ಕನ್ನಡ

ಹೊಸದುರ್ಗದ ಜೈಲಿಗೆ ಫೈಲು ಹಿಡಿದು ಇಬ್ಬರು ಬಂದರು.
ಬೇಕಾದ ವಾರ್ಡರು ಹನ್ನೆರಡು, ಇರುವವರು ಏಳು.
ಏಳರಲ್ಲಿ ಕನ್ನಡ ಓದಬಲ್ಲವರು?
ಆ ಕಾಲಂ ನಮೂನೆಯಲ್ಲಿರಲಿಲ್ಲ.

ಬುಧವಾರ ಬುಧವಾರ ಬೇಳದಿಂದ ಬಸ್ಸು ಹತ್ತಿ ಬರುವ
ಐರಿನ್ ಟೀಚರ ಸಂಸ್ಥೆಯ ಒಪ್ಪಂದ
ಮಾರ್ಚಿಗೇ ಮುಗಿದಿತ್ತಂತೆ.
ಹೊರಗಿನವರು ಕೈದಿಯ ಕಾಗದ ಓದಕೂಡದು—
ಕೆಂಪು ಶಾಯಿ. ಮಾತು ಸರಿಯೇ.

ಈಗ ಡ್ರಾಯರಿನಲ್ಲಿ ತನಿಯಪ್ಪನ ಮಗಳ ನಾಲ್ಕು ಇನ್‌ಲ್ಯಾಂಡು.
ನಾವು ಓದದೆ ಅವನಿಗೆ ಕೊಡುವಂತಿಲ್ಲ.
ನನಗೆ ಅಮ್ಮನ ಕನ್ನಡ ಬಾಯಲ್ಲಿದೆ,
ಶಾಲೆ ಮಲಯಾಳ; ಕಣ್ಣಿಗೆ ಬರುವುದಿಲ್ಲ.

ಇವತ್ತೂ ಡಬಲ್ ಡ್ಯೂಟಿ.
ಹನ್ನೊಂದರ ಗಂಟೆ ಹೊಡೆದು ಬಂದರೆ
ಸರಳಿನಾಚೆ ಅವನು ಎದ್ದು ಕೂತಿದ್ದಾನೆ,
ಸಿಮೆಂಟಿನ ಮೇಲೆ ಒದ್ದೆ ಬೆರಳಲ್ಲಿ ಬರೆಯುತ್ತಾನೆ:
ಇದು ಅ, ಸಾರ್.
ಇದು ಪ.
ಒಣಗುವ ಮುಂಚೆ ನೋಡಿ,
ಅಡಿಯಲ್ಲಿ ಇನ್ನೊಂದು ಪ ಇದೆ.