ಯಾರೋ ಗಾಳಿ ಹೊಡೆದಿದ್ದಾರೆ

ನಿಲ್ಲಿಸಿಟ್ಟ ಸೈಕಲ್ಲಿನ ಗಾಳಿಯೂ ಇಳಿಯುತ್ತದೆ.
ಯಾರೂ ಹತ್ತದೆ, ಮುಳ್ಳು ಚುಚ್ಚದೆ,
ಸುಮ್ಮನೆ, ತನ್ನಷ್ಟಕ್ಕೆ.
ವಾಲ್ವಿನ ಬಾಯಲ್ಲಿ ಎಲ್ಲೋ
ಸೂಜಿಮೊನೆಯಷ್ಟು ಅಸಡ್ಡೆ, ಅಷ್ಟೇ ಸಾಕು.
ಇದು ನನಗೆ ಗೊತ್ತು.
ಬೊಯಾಕಾದ ಈ ಗುಡ್ಡಗಳಲ್ಲಿ ಇಪ್ಪತ್ತಾರು ವರ್ಷ
ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿ ತಿರುಗಿದವಳು ನಾನು.

ಅಕ್ಟೋಬರಿನಲ್ಲಿ ಎವೆಲಿಯೊ ಹೋದ.
ಕಲ್ಲಿದ್ದಲ ಗಣಿ ತಿಂದು ಬಿಟ್ಟ ಎದೆ.
ಕಿಟಕಿ ತೆಗಿ, ಕಿಟಕಿ ತೆಗಿ ಎನ್ನುತ್ತಿದ್ದ ಕೊನೆಗೆ,
ತೆರೆದೇ ಇತ್ತು ಕಿಟಕಿ.
ಮಣ್ಣು ಮಾಡಿ ಬಂದವಳು ಸೈಕಲ್ಲನ್ನು
ಶೆಡ್ಡಿನ ಆಲೂಗಡ್ಡೆ ಮೂಟೆಗಳ ಪಕ್ಕ
ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ,
ತಪ್ಪು ಮಾಡಿದ ಮಗುವನ್ನು ನಿಲ್ಲಿಸುವ ಹಾಗೆ.

ಭಾನುವಾರ ಐದೂಕಾಲಿಗೆ ಅವರು ಬಂದರು, ಎಂದಿನಂತೆ.
ಕಟುಕ ಒಲಿಂಪೊ. ಶಾಲೆಯ ಯಾಮಿಲೆ ಮೇಡಂ.
ಪಾದ್ರಿಯಾಗಲು ಹೋಗಿ ಅರ್ಧಕ್ಕೇ ಮರಳಿದ ಫಾವಿಯೊ.
ಹದಿನೇಳರ ಡುವಾನ್: ಕಣ್ಣಲ್ಲಿ ಯುರೋಪಿನ ಬೆಟ್ಟಗಳು,
ಕಾಲಲ್ಲಿ ಅಣ್ಣನ ಹಳೇ ಬೂಟು.
ಕರೆಯಲಿಲ್ಲ, ಬೆಲ್ಲು ಹೊಡೆಯಲಿಲ್ಲ.
ಗೇಟಿನಾಚೆ ಮಂಜಿನಲ್ಲಿ ಮೂರು ನಿಮಿಷ ನಿಂತರು,
ಒಂದು ಕಾಲು ನೆಲದ ಮೇಲೆ, ಇನ್ನೊಂದು ಪೆಡಲಿನ ಮೇಲೆ.
ಆಮೇಲೆ ಹೋದರು.
ಫ್ರೀವೀಲುಗಳ ಟಿಕಟಿಕ ಇಳಿಜಾರಿನ ತಿರುವಿನವರೆಗೂ ಕೇಳಿತು.

ನಿಜ ಹೇಳಬೇಕೆಂದರೆ ಸಿಟ್ಟು ಬಂತು.
ಪರದೆಯ ಹಿಂದೆ ನಿಂತು ಬೈದೆ:
ನಿಲ್ಲಿ ಎಂದು ಯಾರು ಕರೆದರು ನಿಮ್ಮನ್ನು?

ಮುಂದಿನ ವಾರವೂ ನಿಂತರು. ಅದರ ಮುಂದಿನ ವಾರವೂ.

ನನ್ನ ಹಾಲಿನ ಮನೆಗಳು ಹತ್ತೊಂಬತ್ತು.
ಯಾಕೆ ಬರಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ.
ತಿಂಗಳ ಕೊನೆಗೆ ಬಾಗಿಲ ಸಂದಿಯಲ್ಲೊಂದು ಲಕೋಟೆ,
ಪೆಸೊಗೆ ಪೆಸೊ ಲೆಕ್ಕ,
ಅಂಚಿನಲ್ಲಿ ಕಟುಕನ ಹೆಬ್ಬೆರಳ ಕೆಂಪು,
ಒಳಗೆ ಮೇಡಂ ದುಂಡಕ್ಷರದ ಚೀಟಿ:
"ಎಡೆಲ್ಮಿರಾ ಎರಡು ಲೀಟರು ಬಾಕಿ.
ಕೇಳಿದ್ದೇವೆ. ಮತ್ತೂ ಕೇಳುತ್ತೇವೆ."
ಎಷ್ಟೋ ದಿನಕ್ಕೆ ನಕ್ಕೆ.
ನಕ್ಕ ತಪ್ಪಿಗೆ ಒಲೆಯ ಮುಂದೆ ಕೂತು ಅತ್ತೆ.

ಜನವರಿಯ ಇಬ್ಬನಿ ಗಡ್ಡೆಕಟ್ಟಿ
ಆಲೂಗಡ್ಡೆಯ ಎಲೆಗಳನ್ನೆಲ್ಲ ಸುಟ್ಟ ಬೆಳಿಗ್ಗೆ,
ಮೂಟೆ ಸರಿಸಲು ಹೋಗಿ ಕೈ ಟೈರಿಗೆ ತಾಗಿತು.
ಕಲ್ಲಿನಂತೆ ಗಟ್ಟಿ.
ಹಿಂದಿನದನ್ನು ಒತ್ತಿದೆ. ಅದೂ.
ಮೂರು ತಿಂಗಳಿಗೆ ಚಪ್ಪಟೆಯಾಗಿ
ರಿಮ್ಮು ನೆಲ ಕಚ್ಚಬೇಕಿತ್ತು.

ಯಾರೋ ಗಾಳಿ ಹೊಡೆದಿದ್ದಾರೆ.

ಒಂದು ಸಲವಲ್ಲ, ವಾರ ವಾರ,
ನಾನು ಮಲಗಿದ ಮೇಲೆ ಶೆಡ್ಡಿಗೆ ನುಗ್ಗಿ.
ನಾಯಿ ಬೊಗಳಿಲ್ಲ, ಮೂಲೆಯಲ್ಲಿ ಕಚ್ಚಿ ಬಿಟ್ಟ ಮೂಳೆಗಳಿವೆ;
ಹಾಗಾದರೆ ಒಲಿಂಪೊ.
ವಾಲ್ವಿನ ಮುಚ್ಚಳ ಇಷ್ಟು ಅಚ್ಚುಕಟ್ಟಾಗಿ ತಿರುಗಿಸುವುದು
ಮೇಡಂ ಒಬ್ಬರೇ.
ಚೈನಿಗೆ ಸುರಿದ ಎಣ್ಣೆ ನೆಲಕ್ಕೂ ಚೆಲ್ಲಿದೆ. ಅದು ಹುಡುಗ.
ಕೇಳಲಿಲ್ಲ ನಾನು. ಕೇಳುವುದೂ ಇಲ್ಲ.

ಆ ಭಾನುವಾರ ಗೇಟು ತೆಗೆದೆ.
ಯಾರೂ ಏನೂ ಹೇಳಲಿಲ್ಲ.
ಫಾವಿಯೊ ಬಾಟಲಿ ಚಾಚಿದ: ಬಿಸಿ ಬೆಲ್ಲದ ನೀರು.
ನಿಂಬೆ ಜಾಸ್ತಿಯಾಯಿತು, ಎಂದೆ.
ಹೌದು ಮೂರು ತಿಂಗಳಿಂದ, ಎಂದ.

ಏರು ಮುಗಿದು ಬಯಲು ಬಿದ್ದಲ್ಲಿ ಎದುರುಗಾಳಿ.
ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು,
ಅವನ ಕಿಟಕಿ ನೆನಪಾಯಿತು.
ಒಲಿಂಪೊ ತಿರುಗಿಯೂ ನೋಡದೆ
ತನ್ನ ಅಗಲ ಬೆನ್ನನ್ನು ತಂದು ನನ್ನ ಮುಂದಿಟ್ಟ.
ಬಾಗಿಲಿನಂಥ ಬೆನ್ನು.
ಆಚೆ ಗಾಳಿ ಗುದ್ದುತ್ತಿತ್ತು,
ಈಚೆ ನನ್ನ ಚಕ್ರದೊಳಗೆ ಯಾರದೋ ಗಾಳಿ
ಸದ್ದಿಲ್ಲದೆ ನನ್ನನ್ನು ಹೊತ್ತಿತ್ತು.

ಊರಾಚೆ, ನಾನು ಕಂಡಿರದ ಒಂದು ನೀಲಿ ಗೇಟು.
ಎಲ್ಲರೂ ಬ್ರೇಕು ಹಿಡಿದರು.
ಯಾರ ಮನೆ ಇದು? ಏನಾಗಿದೆ ಅವರಿಗೆ?
ಮೇಡಂ ತುಟಿಯ ಮೇಲೆ ಬೆರಳಿಟ್ಟರು.
ನಾನೂ ಒಂದು ಕಾಲು ನೆಲಕ್ಕೂರಿ ನಿಂತೆ.
ಮೂರು ನಿಮಿಷ.

ಒಳಗೆ ಪರದೆ ಸ್ವಲ್ಪ ಅಲುಗಿತು.
ಸಿಟ್ಟು ಬಂದಿರಬೇಕು.